ಮೊದಲು ಗೂಡು, ಆಮೇಲೆ ಮರಿ

(ಮಹಿಳಾ ವೇದಿಕೆಯ ಮಾಸಿಕ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಪ್ರತಿ ತಿಂಗಳು ಇಲ್ಲಿ ಅಡುಗೆ, ಆರೋಗ್ಯ, ಹಾಡು, ಹಸೆ ಅಂತ ಚೆಂದದ ವಿಷಯಗಳ ಮೇಲೆ ಮಾತಾಗುತ್ತದೆ. ಈ ಸಲ ಕೋಳಿಯ ಬಗ್ಗೆ ಮಾತಾಡಿ ಅಂದಾಗ ನನಗೆ ಸ್ವಲ್ಪ ನಗು ಬಂತು. ನಮ್ಮಲ್ಲಿ ಅರ್ಧದಷ್ಟು ಜನ ತತ್ತಿ ಮುಟ್ಟದವರು. ಆದರೆ ಕಾರಣ ಕೇಳಿದ ಮೇಲೆ ಒಪ್ಪಿಕೊಂಡೆ. ನಮ್ಮ ವೇದಿಕೆಯ ನಾಲ್ಕು ಜನ ಕೋಳಿ ಸಾಕಬೇಕೆಂದು ಹೊರಟಿದ್ದಾರೆ. ಒಬ್ಬರಿಗೆ ತಳೇಗಾಂವ ಕಡೆ ಸ್ವಲ್ಪ ಜಾಗ ಇದೆ, ಒಬ್ಬರಿಗೆ ಮುಳಶಿ ಕಡೆ, ಉಳಿದವರದು ಮನೆಯ ಹಿತ್ತಲು. ಅವರಲ್ಲಿ ಇಬ್ಬರು ಆಗಲೇ ಅರವತ್ತು ತತ್ತಿ ಹಿಡಿಯುವ ಇನ್‌ಕ್ಯುಬೇಟರ್ ತರಿಸಿದ್ದಾರೆ. ಗೂಡು ಎಲ್ಲಿ ಅಂತ ಕೇಳಿದೆ. "ಮರಿ ಬರಲಿ ಅಕ್ಕಾ, ಆಮೇಲೆ ಕಟ್ಟಿಸ್ತೀವಿ" ಅಂದರು. ಇವತ್ತಿನ ನನ್ನ ಮಾತೆಲ್ಲ ಆ ಒಂದು ಉತ್ತರದ ಮೇಲೆಯೇ.

ನಾನು ಹುಟ್ಟಿ ಬೆಳೆದದ್ದು ಧಾರವಾಡ ಜಿಲ್ಲೆಯ ಒಂದು ಹಳ್ಳಿಯಲ್ಲಿ. ಮದುವೆಯಾಗಿ ಖಡಕಿಗೆ ಬಂದು ಮೂವತ್ತು ವರ್ಷ ದಾಟಿತು. ಹಳೆಯ ಕಾಲದ ಮನೆ, ಹಿಂದೆ ಹಿತ್ತಲು, ಒಂದು ಬೇವಿನ ಮರ. ಅಲ್ಲಿ ಕೋಳಿ ಸಾಕುತ್ತ ಬಂದಿದ್ದೇನೆ. ನಾನು ಪಶುವೈದ್ಯಳಲ್ಲ. ದಿನಾ ಗೂಡು ಗುಡಿಸುವವಳ ಮಾತು ಇದು ಅಂತ ತಿಳಿದುಕೊಳ್ಳಿ.

ನಮ್ಮ ಹಳ್ಳಿಯಲ್ಲಿ ಹೈನಿನ ದುಡ್ಡು ಗಂಡಸರ ಕೈಗೆ ಹೋಗುತ್ತಿತ್ತು, ಬೆಳೆಯ ದುಡ್ಡೂ ಅಷ್ಟೇ. ತತ್ತಿಯ ದುಡ್ಡನ್ನು ಮಾತ್ರ ಯಾರೂ ಕೇಳುತ್ತಿರಲಿಲ್ಲ. ಅದು ಹೆಂಗಸರದು. ನಮ್ಮ ಅವ್ವ ಅದನ್ನು ಸಾಸಿವೆ ಡಬ್ಬಿಯಲ್ಲಿ ಇಡುತ್ತಿದ್ದಳು. ನನ್ನ ಪಾಟಿ, ಪುಸ್ತಕ, ತಂಗಿಯ ಬಳೆ, ಜಾತ್ರೆಯ ಖರ್ಚು ಎಲ್ಲ ಅದರಲ್ಲೇ. ಒಂದು ಬೇಸಿಗೆಯಲ್ಲಿ ಕೊಕ್ಕರೆ ರೋಗ ಬಂತು. ವಾರದೊಳಗೆ ನಮ್ಮ ಓಣಿಯಲ್ಲಿ ಒಂದು ಕೋಳಿಯೂ ಉಳಿಯಲಿಲ್ಲ. ಸಾಸಿವೆ ಡಬ್ಬಿ ವರ್ಷಗಟ್ಟಲೆ ಖಾಲಿ ಇತ್ತು. ಕೋಳಿ ಸತ್ತರೆ ಊರಲ್ಲಿ ಯಾರೂ ಅಳುವುದಿಲ್ಲ, ಪಂಚಾಯ್ತಿಯಲ್ಲಿ ಅದರ ಲೆಕ್ಕ ಬರೆಯುವುದಿಲ್ಲ. ಆದರೆ ಒಬ್ಬ ಹೆಂಗಸಿನ ಸ್ವಂತ ದುಡಿಮೆ ಅಲ್ಲಿಗೆ ನಿಂತಿತು. ಹಾಗಾಗಿ ಇದನ್ನು ನಾನು ಬರೀ ಹವ್ಯಾಸ ಅಂತ ನೋಡುವುದಿಲ್ಲ.

ಪುಣೆಗೂ ಕೋಳಿಗೂ ಇರುವ ನಂಟು ದೊಡ್ಡದು. 1971ರಲ್ಲಿ ಶುರುವಾದ ವೆಂಕಟೇಶ್ವರ ಹ್ಯಾಚರೀಸ್, ಅದರ ಸ್ಥಾಪಕ ಬಿ.ವಿ. ರಾವ್ ಅವರ ಮುಂದಾಳತ್ವದಲ್ಲಿ 1982ರಲ್ಲಿ ಹುಟ್ಟಿದ ರಾಷ್ಟ್ರೀಯ ಮೊಟ್ಟೆ ಸಮನ್ವಯ ಸಮಿತಿ, ಇವೆಲ್ಲ ಈ ಊರಿನಿಂದ ಬೆಳೆದವು. ಅದು ದೊಡ್ಡವರ ವ್ಯವಹಾರ. ನಮ್ಮಂಥವರಿಗೆ ಬೇಕಾದದ್ದು ಇನ್ನೂ ಹತ್ತಿರದಲ್ಲಿದೆ. ನಮ್ಮ ಖಡಕಿಯಲ್ಲೇ ಮಹಾರಾಷ್ಟ್ರ ಪಶುಸಂಗೋಪನಾ ಇಲಾಖೆಯ ಮಧ್ಯವರ್ತಿ ಕೋಳಿಮರಿ ಕೇಂದ್ರ ಇದೆ. ಮರಾಠಿಯಲ್ಲಿ 'ಅಂಡಿ ಉಬವಣಿ ಕೇಂದ್ರ' ಅನ್ನುತ್ತಾರೆ. ಪಕ್ಕದ ಔಂಧ್‌ನಲ್ಲಿ ಪಶುಗಳಿಗೂ ಕೋಳಿಗಳಿಗೂ ಲಸಿಕೆ ತಯಾರಿಸುವ ಸರ್ಕಾರಿ ಸಂಸ್ಥೆ ಇದೆ, ರೋಗ ಪತ್ತೆ ಮಾಡುವ ಪ್ರಯೋಗಾಲಯವೂ ಇದೆ. ಹಳ್ಳಿಯಲ್ಲಿ ನಮ್ಮ ಅವ್ವನಿಗೆ ಸಿಗದಿದ್ದದ್ದು ನಮಗೆ ರಿಕ್ಷಾ ದೂರದಲ್ಲಿದೆ.

ಇನ್ನೊಂದು ಸಂತೋಷದ ವಿಷಯ. ಇಲ್ಲಿನ ರೈತರು 'ಗಿರಿರಾಜ' ಅಂತ ಕರೆಯುವ ಕೋಳಿ ನಮ್ಮ ಬೆಂಗಳೂರಿನದು. ಹೆಬ್ಬಾಳದ ಪಶುವೈದ್ಯ ಕಾಲೇಜಿನಲ್ಲಿ ಬೆಳೆಸಿ 1989ರಲ್ಲಿ ಹೊರಗೆ ತಂದ ತಳಿ ಅದು. ನಾಟಿ ಹೇಂಟೆ ವರ್ಷಕ್ಕೆ 50ರಿಂದ 80 ತತ್ತಿ ಕೊಟ್ಟರೆ ಹೆಚ್ಚು. ಗಿರಿರಾಜ 130ರಿಂದ 150ರವರೆಗೆ ಕೊಡುತ್ತದೆ. ಅದರ ನಂತರ 2005ರಲ್ಲಿ ಬಂದ ಸ್ವರ್ಣಧಾರಾ ಇನ್ನೂ ಹೆಚ್ಚು ಕೊಡುತ್ತದೆ. ಹೈದರಾಬಾದಿನ ವನರಾಜ ಕೂಡ ಹಿತ್ತಲಿಗೆ ಹೊಂದುವ ಕೋಳಿ. ಇವೆಲ್ಲ ಬಣ್ಣದ ರೆಕ್ಕೆಯವು, ಹಿತ್ತಲಲ್ಲಿ ಕೆದಕಿ ತಿನ್ನಬಲ್ಲವು.

ಆದರೆ ಒಂದು ಮಾತು ನೆನಪಿಡಿ. ಇಂಥ ಸುಧಾರಿತ ತಳಿಗಳು ತತ್ತಿ ಇಡುವುದರಲ್ಲಿ ಮುಂದೆ, ಕಾವಿಗೆ ಕೂರುವುದರಲ್ಲಿ ಹಿಂದೆ. ತತ್ತಿ ಹೆಚ್ಚಲೆಂದು ತಲೆಮಾರುಗಟ್ಟಲೆ ಆರಿಸುತ್ತ ಬಂದರೆ ಕಾವಿನ ಗುಣ ಕಡಿಮೆಯಾಗುತ್ತದೆ, ಏಕೆಂದರೆ ಕಾವಿಗೆ ಕೂತ ಕೋಳಿ ತತ್ತಿ ನಿಲ್ಲಿಸುತ್ತದೆ. ಮತ್ತೆ, ಇವು ಬೇರೆ ಬೇರೆ ವಂಶಗಳನ್ನು ಕೂಡಿಸಿ ಮಾಡಿದವು. ಮನೆಯಲ್ಲೇ ಅವುಗಳಿಂದ ಮರಿ ಮಾಡಿಸಿದರೆ ಮರಿ ತಾಯಿಯಂತೆಯೇ ತತ್ತಿ ಕೊಡುತ್ತದೆ ಅನ್ನುವ ಭರವಸೆ ಇಲ್ಲ. ತತ್ತಿ ಮಾತ್ರ ಬೇಕಿದ್ದವರು ಪ್ರತಿ ಸಲ ಕೇಂದ್ರದಿಂದ ಮರಿ ತರುವುದೇ ಒಳ್ಳೆಯದು. ವಂಶ ಬೆಳೆಸುವ ಆಸೆ ಇದ್ದವರು ಎರಡು-ಮೂರು ನಾಟಿ ಹೇಂಟೆಗಳನ್ನು ಇಟ್ಟುಕೊಳ್ಳಿ. ಅವು ಒಳ್ಳೆಯ ತಾಯಂದಿರು. ಯಾರ ತತ್ತಿ ಇಟ್ಟರೂ ಕಾವು ಕೊಡುತ್ತವೆ.

ಬರೀ ತತ್ತಿಗೆ ಹುಂಜ ಬೇಕಾಗಿಲ್ಲ. ಇದು ಬಹಳ ಜನರಿಗೆ ಗೊತ್ತಿಲ್ಲ. ಹುಂಜವಿಲ್ಲದಿದ್ದರೂ ಹೇಂಟೆ ತತ್ತಿ ಇಡುತ್ತದೆ, ಅದರಿಂದ ಮರಿ ಬರುವುದಿಲ್ಲ ಅಷ್ಟೇ. ಅಕ್ಕಪಕ್ಕ ಮನೆಗಳು ಒತ್ತಾಗಿರುವ ಕಡೆ ಹುಂಜವಿಲ್ಲದೆ ಸಾಕುವುದೇ ಜಾಣತನ. ತನ್ನ ಕೋಳಿ ಕೂಗಿದ್ದಕ್ಕೇ ಬೆಳಗಾಯಿತು ಅಂದ ಅಜ್ಜಿಯ ಕಥೆ ನಮಗೆಲ್ಲ ಗೊತ್ತು. ಬೆಳಗಿನ ನಾಲ್ಕಕ್ಕೆ ಕೂಗಿದರೆ ನಮ್ಮ ಸೊಸೈಟಿಯವರು ಕಥೆ ಕೇಳಲು ಬರುವುದಿಲ್ಲ. ಕಂಟೋನ್ಮೆಂಟ್ ಭಾಗದಲ್ಲಿ ಇರುವವರು, ಸೊಸೈಟಿಯಲ್ಲಿ ಇರುವವರು ಕೋಳಿ ತರುವ ಮೊದಲೇ ನಿಯಮ ವಿಚಾರಿಸಿ, ಅನುಮತಿ ತೆಗೆದುಕೊಳ್ಳಿ. ನೆರೆಯವರಿಗೆ ಮೊದಲೇ ಹೇಳಿ, ಆಗಾಗ ನಾಲ್ಕು ತತ್ತಿ ಕೊಡಿ. ತಿನ್ನದವರಿಗೆ ಗುಲಾಬಿ ಗಿಡಕ್ಕೆ ಗೊಬ್ಬರ ಕೊಡಿ.

ಮರಿ ಮಾಡಿಸಬೇಕಾದರೆ ಎಂಟು-ಹತ್ತು ಹೇಂಟೆಗೆ ಒಂದು ಹುಂಜ ಸಾಕು. ಅದು ಬೇರೆ ಮನೆಯದಾಗಿರಲಿ. ಅದೇ ಗೂಡಿನ ಅಣ್ಣ-ತಂಗಿ ಸೇರುತ್ತ ಹೋದರೆ ಎರಡು-ಮೂರು ಪೀಳಿಗೆಯಲ್ಲಿ ಮರಿ ಸಣಕಲಾಗುತ್ತವೆ, ತತ್ತಿ ಒಡೆಯುವುದೂ ಕಡಿಮೆಯಾಗುತ್ತದೆ. ಹಳ್ಳಿಯಲ್ಲಿ ಹುಂಜ ಅದಲುಬದಲು ಮಾಡುತ್ತಿದ್ದದ್ದು ಇದಕ್ಕೇ. ನಮ್ಮ ನಾಲ್ಕು ಮನೆಯವರು ವರ್ಷಕ್ಕೊಮ್ಮೆ ಹುಂಜ ಬದಲಾಯಿಸಿಕೊಂಡರೆ ಖರ್ಚಿಲ್ಲದೆ ಈ ಕೆಲಸ ಆಗುತ್ತದೆ.

ಕಾವಿಗೆ ಇಡುವ ತತ್ತಿ ವಾರದೊಳಗಿನದಾಗಿರಲಿ. ತೊಳೆಯಬೇಡಿ, ಫ್ರಿಜ್‌ನಲ್ಲಿ ಇಡಬೇಡಿ. ತಂಪಾದ ಜಾಗದಲ್ಲಿ ಚೂಪು ತುದಿ ಕೆಳಗೆ ಮಾಡಿ ಇಡಿ. ನಾಟಿ ಹೇಂಟೆಯ ಕೆಳಗೆ ಹತ್ತು-ಹನ್ನೆರಡು ತತ್ತಿ ಸಾಕು. ರೆಕ್ಕೆಯಿಂದ ಹೊರಗೆ ಉಳಿದ ತತ್ತಿ ತಣ್ಣಗಾಗುತ್ತದೆ. ಸಂಜೆ ಕತ್ತಲಾದ ಮೇಲೆ ಕೂರಿಸಿ, ಆಗ ಅದು ಗಲಾಟೆ ಮಾಡುವುದಿಲ್ಲ. ದಿನಕ್ಕೊಮ್ಮೆ ಎದ್ದು ಕಾಳು ತಿಂದು ನೀರು ಕುಡಿದು ಬರುತ್ತದೆ, ಬರಲಿ. ಏಳನೆಯ ದಿನ ರಾತ್ರಿ ತತ್ತಿಯನ್ನು ಟಾರ್ಚ್ ಬೆಳಕಿಗೆ ಹಿಡಿದು ನೋಡಿ. ಒಳಗೆ ಕೆಂಪು ನರಗಳ ಜೇಡರ ಬಲೆ ಕಂಡರೆ ಮರಿ ಇದೆ. ಪೂರ್ತಿ ತಿಳಿಯಾಗಿದ್ದರೆ ತೆಗೆದುಬಿಡಿ. ಹದಿನೆಂಟನೆಯ ದಿನದಿಂದ ಮುಟ್ಟಬೇಡಿ. ಇಪ್ಪತ್ತೊಂದನೆಯ ದಿನ ಮರಿ ಬರುತ್ತವೆ.

ಇನ್‌ಕ್ಯುಬೇಟರ್ ಆದರೆ ಆ ತಾಯಿಯ ಕೆಲಸವನ್ನೆಲ್ಲ ನಾವು ಮಾಡಬೇಕು. ಶಾಖ 37.5 ಡಿಗ್ರಿಯ ಸುತ್ತಮುತ್ತ ನಿಲ್ಲಬೇಕು, ಹದಿನೆಂಟು ದಿನದವರೆಗೆ ದಿನಕ್ಕೆ ಕನಿಷ್ಠ ಮೂರು ಸಲ ತತ್ತಿ ಹೊರಳಿಸಬೇಕು, ಕೊನೆಯ ಮೂರು ದಿನ ತೇವ ಹೆಚ್ಚಿಸಬೇಕು. ಕರೆಂಟ್ ಹೋದರೆ ಏನು ಮಾಡುವುದು ಅನ್ನುವುದನ್ನು ಮೊದಲೇ ಯೋಚಿಸಿರಬೇಕು. ಇದೆಲ್ಲ ಕಲಿಯಬಹುದು. ಯಂತ್ರ ಕೆಟ್ಟದ್ದಲ್ಲ. ಆದರೆ ತಾಯಿ ಕೋಳಿ ಒಂದು ಸಲಕ್ಕೆ ಎಂಟು-ಹತ್ತು ಮರಿ ಕೊಡುತ್ತದೆ, ಯಂತ್ರ ನಲವತ್ತು ಕೊಡುತ್ತದೆ. ಮತ್ತು ತಾಯಿ ಕೋಳಿ ಮರಿಗಳ ಜೊತೆ ಎರಡು ತಿಂಗಳು ಇರುತ್ತದೆ. ಯಂತ್ರ ಇಪ್ಪತ್ತೊಂದನೆಯ ದಿನ ಕೈ ತೊಳೆದುಕೊಳ್ಳುತ್ತದೆ.

ಈಗ ಲೆಕ್ಕಕ್ಕೆ ಬರೋಣ. ಅರವತ್ತು ತತ್ತಿಯಲ್ಲಿ ನಲವತ್ತು ಮರಿ ಬಂದವು ಅನ್ನಿ. ಮೊದಲ ವಾರ ಒಂದು ಮರಿಗೆ ಅರ್ಧ ಚದರ ಅಡಿ ಸಾಕು. ಅಂದರೆ ಇಪ್ಪತ್ತು ಚದರ ಅಡಿ, ಒಂದು ಮಂಚದಷ್ಟು ಜಾಗ. ಎಲ್ಲರೂ ಇದನ್ನು ನೋಡಿ "ಇಷ್ಟೇನಾ" ಅನ್ನುತ್ತಾರೆ. ಎಂಟು ವಾರಕ್ಕೆ ಮರಿಗೊಂದು ಚದರ ಅಡಿ ಬೇಕು, ಅಲ್ಲಿಗೆ ನಲವತ್ತು. ಬೆಳೆದ ಕೋಳಿಗೆ ರಾತ್ರಿ ಒಳಗೆ ಇರಲು ಎರಡು ಚದರ ಅಡಿ ಬೇಕು, ಅಲ್ಲಿಗೆ ಎಂಬತ್ತು. ಹತ್ತಡಿ ಉದ್ದ, ಎಂಟಡಿ ಅಗಲದ ಕೋಣೆ ಅದು. ನಮ್ಮಲ್ಲಿ ಹಲವರ ಅಡುಗೆಮನೆ ಅಷ್ಟೇ ಇದೆ. ಜೊತೆಗೆ ಹಳೆಯ ಹತ್ತು ಕೋಳಿಗಳಿಗೆ ಇನ್ನೂ ಇಪ್ಪತ್ತು ಚದರ ಅಡಿ. ಗೂಡಿನ ಅಳತೆ ಹಾಕುವಾಗ ಮರಿಯನ್ನು ನೋಡಬಾರದು, ಐದು ತಿಂಗಳ ಕೋಳಿಯನ್ನು ನೋಡಬೇಕು.

ಇಕ್ಕಟ್ಟಾದರೆ ಏನಾಗುತ್ತದೆ? ಮೊದಲು ಒಂದರ ಗರಿ ಒಂದು ಕಿತ್ತುತ್ತದೆ. ರಕ್ತ ಕಂಡರೆ ಎಲ್ಲವೂ ಸೇರಿ ಆ ಒಂದನ್ನೇ ಕುಕ್ಕುತ್ತವೆ. ಹಾಸು ಒದ್ದೆಯಾಗುತ್ತದೆ, ಒದ್ದೆ ಹಾಸಿನಲ್ಲಿ ರಕ್ತಭೇದಿಯ ರೋಗಾಣು ಬೆಳೆಯುತ್ತದೆ, ಮೂರು ವಾರದಿಂದ ಎರಡು ತಿಂಗಳೊಳಗಿನ ಮರಿಗಳು ರೆಕ್ಕೆ ಇಳಿಬಿಟ್ಟು ಸಾಯತೊಡಗುತ್ತವೆ. ಅಮೋನಿಯಾ ವಾಸನೆಗೆ ಕಣ್ಣು ಉರಿಯುತ್ತದೆ, ಶೀತ ಹಿಡಿಯುತ್ತದೆ. ನೆರೆಯವರ ದೂರೂ ಆಗಲೇ ಶುರುವಾಗುತ್ತದೆ. ಇದಕ್ಕೆಲ್ಲ ಔಷಧ ಕೇಳಿಕೊಂಡು ಜನ ನನ್ನ ಹತ್ತಿರ ಬರುತ್ತಾರೆ. ಬಹಳ ಸಲ ಬೇಕಾದ ಔಷಧ ಜಾಗ.

ಗೂಡಿಗೆ ಇಲ್ಲಿ ಮರಾಠಿಯಲ್ಲಿ ಖುರಾಡಾ ಅನ್ನುತ್ತಾರೆ. ಖುರಾಡಾ ಅಂದಕೂಡಲೇ ಎಲ್ಲರ ಕಣ್ಣಿಗೆ ಬರುವುದು ಒಂದು ಸಣ್ಣ ಕತ್ತಲೆ ಪೆಟ್ಟಿಗೆ. ನನ್ನ ಮಟ್ಟಿಗೆ ಗೂಡಿನಲ್ಲಿ ಮೂರು ಭಾಗ ಇರಬೇಕು. ಒಂದು ದೊಡ್ಡವರ ಕೋಣೆ. ಎರಡನೆಯದು ಬಾಣಂತಿ ಕೋಣೆ, ಕಾವಿನ ಕೋಳಿಗೂ ಎಳೆಮರಿಗಳಿಗೂ. ಮೂರನೆಯದು ಬೆಳೆಯುವ ಮಕ್ಕಳ ಕೋಣೆ. ದೊಡ್ಡ ಕೋಳಿಗಳ ನಡುವೆ ಕಾವಿಗೆ ಕೂರಿಸಿದರೆ ಬೇರೆ ಹೇಂಟೆಗಳು ಅಲ್ಲೇ ಬಂದು ತತ್ತಿ ಇಡುತ್ತವೆ, ಯಾವುದು ಹಳೆಯದು ಯಾವುದು ಹೊಸದು ಗೊತ್ತಾಗುವುದಿಲ್ಲ. ತಾಯಿ ತುಳಿದರೆ ಮರಿ ಸಾಯುವುದಿಲ್ಲ ಅಂತ ಗಾದೆ ಇದೆ, ನಿಜ. ಆದರೆ ಬೇರೆಯವರು ಕುಕ್ಕಿದರೆ ಸಾಯುತ್ತದೆ.

ಪುಣೆಯ ಹವೆಗೆ ತಕ್ಕ ಹಾಗೆ ಕಟ್ಟಬೇಕು. ಗೂಡಿನ ಉದ್ದ ಪೂರ್ವ-ಪಶ್ಚಿಮವಾಗಿರಲಿ. ಆಗ ಉದ್ದನೆಯ ಗೋಡೆಗಳಿಂದ ಬಿಸಿಲು ನೇರ ಒಳಗೆ ಬರುವುದಿಲ್ಲ, ಏಪ್ರಿಲ್-ಮೇ ತಿಂಗಳಲ್ಲಿ ಇದರ ಬೆಲೆ ತಿಳಿಯುತ್ತದೆ. ಮಳೆಗಾಲದ ಇರಚಲು ಪಶ್ಚಿಮದಿಂದ ಬರುತ್ತದೆ, ಆ ಕಡೆಯ ಗಿಡ್ಡ ಗೋಡೆಯನ್ನು ಪೂರ್ತಿ ಮುಚ್ಚಿ. ಉದ್ದನೆಯ ಗೋಡೆಗಳನ್ನು ಕೆಳಗೆ ಒಂದೂವರೆ ಅಡಿ ಇಟ್ಟಿಗೆ, ಮೇಲೆ ತಂತಿ ಜಾಲರಿ ಮಾಡಿ. ಗಾಳಿ ಆಡಬೇಕು, ಆದರೆ ಮಲಗಿದ ಕೋಳಿಗೆ ನೇರ ಬೀಸಬಾರದು. ತಗಡಿನ ಮಾಡು ಹಾಕಿದರೆ ಎರಡಡಿ ಹೊರಗೆ ಚಾಚಿರಲಿ, ಬೇಸಿಗೆಯಲ್ಲಿ ಅದರ ಮೇಲೆ ತೆಂಗಿನ ಗರಿಯೋ ಜೋಳದ ದಂಟೋ ಹೊದಿಸಿ. ಡಿಸೆಂಬರ್-ಜನವರಿಯ ರಾತ್ರಿ ಇಲ್ಲಿ ಚೆನ್ನಾಗಿ ಚಳಿ ಇರುತ್ತದೆ, ಆಗ ಗೋಣಿಚೀಲದ ಪರದೆ ಇಳಿಬಿಟ್ಟರೆ ಸಾಕು.

ಜಾಲರಿಯ ಕಿಂಡಿ ಅರ್ಧ ಇಂಚಿಗಿಂತ ದೊಡ್ಡದಿರಬಾರದು. ಹೆಗ್ಗಣ, ಮುಂಗುಸಿ, ಬೆಕ್ಕು, ಹಾವು ಎಲ್ಲವೂ ಊರಲ್ಲಿವೆ. ಜಾಲರಿಯನ್ನು ಒಂದಡಿ ಮಣ್ಣಿನಲ್ಲಿ ಹೂಳಿ, ಅವು ಕೆಳಗಿಂದ ಕೊರೆದು ಬರುತ್ತವೆ. ಕೋಳಿಗೆ ರಾತ್ರಿ ಎತ್ತರದಲ್ಲಿ ಕೂರುವ ಚಾಳಿ. ಎರಡಿಂಚು ದಪ್ಪದ ಅಡ್ಡಗೋಲು ಕಟ್ಟಿ, ಒಂದು ಕೋಳಿಗೆ ಎಂಟು-ಹತ್ತು ಇಂಚು ಲೆಕ್ಕ. ತತ್ತಿ ಇಡುವ ಪೆಟ್ಟಿಗೆ ಒಂದಡಿ ಉದ್ದ, ಒಂದಡಿ ಅಗಲ, ನಾಲ್ಕೈದು ಹೇಂಟೆಗೆ ಒಂದು. ಪೆಟ್ಟಿಗೆ ಅಡ್ಡಗೋಲಿಗಿಂತ ಕೆಳಗಿರಲಿ, ಇಲ್ಲದಿದ್ದರೆ ಅದರಲ್ಲೇ ಮಲಗಿ ಹೊಲಸು ಮಾಡುತ್ತವೆ. ನೆಲಕ್ಕೆ ಮೂರು-ನಾಲ್ಕು ಇಂಚು ಭತ್ತದ ಹೊಟ್ಟು ಹಾಕಿ, ಎರಡು ದಿನಕ್ಕೊಮ್ಮೆ ಕೆದಕಿ, ಒದ್ದೆಯಾದದ್ದನ್ನು ತೆಗೆಯಿರಿ, ಮಳೆಗಾಲದಲ್ಲಿ ಸ್ವಲ್ಪ ಸುಣ್ಣ ಉದುರಿಸಿ. ವರ್ಷಕ್ಕೆರಡು ಸಲ ಗೋಡೆಗೆ ಸುಣ್ಣ ಬಳಿದರೆ ಹೇನಿನ ಕಾಟ ಕಡಿಮೆ.

ತಾಯಿಯಿಲ್ಲದ ಮರಿಗಳಿಗೆ ಬಾಣಂತಿ ಕೋಣೆಯಲ್ಲಿ ಬಲ್ಬಿನ ಶಾಖ ಬೇಕು. ರಟ್ಟಿನ ಹಾಳೆಯನ್ನು ದುಂಡಗೆ ಸುತ್ತಿ ಆವರಣ ಮಾಡಿ. ಮೂಲೆ ಇದ್ದರೆ ಅಲ್ಲಿ ಒಂದರ ಮೇಲೊಂದು ಬಿದ್ದು ಉಸಿರುಗಟ್ಟಿ ಸಾಯುತ್ತವೆ. ಮೊದಲ ವಾರ ಸುಮಾರು 35 ಡಿಗ್ರಿ ಶಾಖ, ಆಮೇಲೆ ವಾರಕ್ಕೆ ಮೂರು ಡಿಗ್ರಿಯಂತೆ ಇಳಿಸುತ್ತ ಬನ್ನಿ. ಥರ್ಮಾಮೀಟರ್ ಇಲ್ಲದಿದ್ದರೂ ಮರಿಗಳೇ ಹೇಳುತ್ತವೆ. ಬಲ್ಬಿನ ಕೆಳಗೆ ಒತ್ತಿಕೊಂಡು ಚೀರಿದರೆ ಚಳಿ, ದೂರ ಓಡಿ ಬಾಯಿ ತೆರೆದರೆ ಸೆಕೆ, ಎಲ್ಲ ಕಡೆ ಹರಡಿ ಮಲಗಿದ್ದರೆ ಸರಿಯಾಗಿದೆ.

ಲಸಿಕೆಯ ವಿಷಯಕ್ಕೆ ಬರುತ್ತೇನೆ. ನಮ್ಮ ಅವ್ವನ ಕೋಳಿಗಳನ್ನು ಕೊಂದ ಕೊಕ್ಕರೆ ರೋಗಕ್ಕೆ, ಅಂದರೆ ರಾಣಿಖೇತ್ ರೋಗಕ್ಕೆ, ಬಂದ ಮೇಲೆ ಔಷಧ ಇಲ್ಲ. ಬರುವ ಮೊದಲು ಲಸಿಕೆ ಇದೆ. ಮರಿಗೆ ಐದರಿಂದ ಏಳು ದಿನವಾದಾಗ ಕಣ್ಣಿಗೋ ಮೂಗಿಗೋ ಒಂದು ಹನಿ, ಎಂಟು ವಾರದ ಸುಮಾರಿಗೆ ಒಂದು ಚುಚ್ಚುಮದ್ದು. ನಡುವೆ ಗಂಬೋರೊ, ಸಿಡುಬಿನ ಲಸಿಕೆ ಯಾವಾಗ ಅಂತ ಪಶುವೈದ್ಯರು ಬರೆದುಕೊಡುತ್ತಾರೆ. ತೊಂದರೆ ಬೆಲೆಯದ್ದಲ್ಲ. ಒಂದು ಸೀಸೆಯಲ್ಲಿ ನೂರು ಅಥವಾ ಅದಕ್ಕೂ ಹೆಚ್ಚು ಕೋಳಿಗಾಗುವಷ್ಟು ಲಸಿಕೆ ಇರುತ್ತದೆ, ಕಲಸಿದ ಮೇಲೆ ಒಂದೆರಡು ಗಂಟೆಯೊಳಗೆ ಹಾಕಿ ಮುಗಿಸಬೇಕು. ಹತ್ತು ಕೋಳಿ ಇರುವವಳು ಒಂದು ಸೀಸೆ ಒಡೆಯಲು ಹಿಂದೆಮುಂದೆ ನೋಡುತ್ತಾಳೆ. ಹಿತ್ತಲ ಕೋಳಿಗಳು ಲಸಿಕೆಯಿಲ್ಲದೆ ಉಳಿಯುವುದು ಹೀಗೆ. ಇದಕ್ಕೆ ಉಪಾಯ ಒಂದೇ: ನಾಲ್ಕು ಮನೆಯವರು ಒಂದೇ ವಾರ ಮರಿ ಬರುವ ಹಾಗೆ ಕಾವಿಗೆ ಇಡಬೇಕು, ಒಂದೇ ದಿನ ಲಸಿಕೆ ಹಾಕಿಸಬೇಕು. ಐಸ್ ಹಾಕಿದ ಡಬ್ಬಿಯಲ್ಲಿ ಸೀಸೆ ತಂದರೆ ಒಬ್ಬರ ಮನೆಯಿಂದ ಇನ್ನೊಬ್ಬರ ಮನೆಗೆ ಹೋಗಿ ಹಾಕಿ ಬರಬಹುದು. ಮಹಿಳಾ ವೇದಿಕೆಗೆ ಇದಕ್ಕಿಂತ ಸುಲಭದ ಕೆಲಸ ಯಾವುದಿದೆ?

2006ರ ಫೆಬ್ರುವರಿಯಲ್ಲಿ ನಮ್ಮ ಮಹಾರಾಷ್ಟ್ರದ ನಂದುರ್‌ಬಾರ್ ಜಿಲ್ಲೆಯ ನವಾಪುರದಲ್ಲಿ ಹಕ್ಕಿಜ್ವರ ಕಾಣಿಸಿತು. ದೇಶದಲ್ಲಿ ಅದೇ ಮೊದಲು. ಅಲ್ಲಿನ ದೊಡ್ಡ ಫಾರ್ಮ್‌ಗಳ ಜೊತೆ ಸುತ್ತಲಿನ ಹಳ್ಳಿಗಳ ಹಿತ್ತಲ ಕೋಳಿಗಳನ್ನೂ ಕೊಲ್ಲಬೇಕಾಯಿತು. ಒಬ್ಬರ ಗೂಡಿನ ರೋಗ ಊರಿನ ಎಲ್ಲ ಗೂಡುಗಳ ಕಥೆ ಮುಗಿಸುತ್ತದೆ. ಆದ್ದರಿಂದ ಹೊಸ ಕೋಳಿ ತಂದರೆ ಮೂರು ವಾರ ಬೇರೆ ಇಡಿ. ಒಟ್ಟಿಗೆ ಹಲವು ಸತ್ತರೆ ಮುಚ್ಚಿಡಬೇಡಿ, ಗುಟ್ಟಾಗಿ ಮಾರಬೇಡಿ, ಪಶು ಇಲಾಖೆಗೆ ತಿಳಿಸಿ.

ಕೊನೆಯದು, ಯಾರೂ ಸಭೆಯಲ್ಲಿ ಹೇಳದ ಮಾತು. ನಲವತ್ತು ಮರಿಯಲ್ಲಿ ಸುಮಾರು ಇಪ್ಪತ್ತು ಹುಂಜಗಳಾಗುತ್ತವೆ. ನಮಗೆ ಬೇಕಾದದ್ದು ಎರಡು. ಉಳಿದ ಹದಿನೆಂಟು ಮೂರು-ನಾಲ್ಕು ತಿಂಗಳಿಗೆ ಜಗಳಕ್ಕೆ ನಿಲ್ಲುತ್ತವೆ, ಹೇಂಟೆಗಳ ಬೆನ್ನು ಹರಿಯುತ್ತವೆ. ಅವನ್ನು ಏನು ಮಾಡುವುದು? ಮಾಂಸ ತಿನ್ನುವ ಮನೆಗೆ ಇದು ಕಷ್ಟವಲ್ಲ, ನಾಟಿ ಹುಂಜಕ್ಕೆ ಒಳ್ಳೆಯ ಬೆಲೆಯೂ ಇದೆ. ತಿನ್ನದ ಮನೆಯವರು ಇದನ್ನು ತತ್ತಿ ಕಾವಿಗಿಡುವ ಮೊದಲೇ ತಮ್ಮ ಮನಸ್ಸಿಗೆ ಕೇಳಿಕೊಳ್ಳಬೇಕು. ಮಾರುವುದಾದರೆ ಯಾಕೆ ಕೊಂಡರು ಅಂತ ಗೊತ್ತಿದ್ದೇ ಮಾರಬೇಕು. ಆಗುವುದಿಲ್ಲ ಅನ್ನಿಸಿದರೆ ಮರಿ ಮಾಡಿಸಬೇಡಿ, ಐದಾರು ಹೇಂಟೆ ಸಾಕಿ, ತತ್ತಿ ಮಾರಿ, ನೆಮ್ಮದಿಯಾಗಿರಿ. ಇದರಲ್ಲಿ ಕಡಿಮೆ ಏನೂ ಇಲ್ಲ. ಬೀದಿಗೆ ಬಿಡುವುದು ಮಾತ್ರ ಬೇಡ. ಅದು ಅಹಿಂಸೆಯಲ್ಲ, ನಾಯಿಗೆ ಹಾಕಿದ ಹಾಗೆ.

ಇನ್‌ಕ್ಯುಬೇಟರ್ ತಂದ ಇಬ್ಬರು ತಂಗಿಯರಿಗೆ ನನ್ನ ಕೋರಿಕೆ: ಅರವತ್ತು ತತ್ತಿ ಹಿಡಿಯುತ್ತದೆ ಅಂತ ಅರವತ್ತೂ ತುಂಬಬೇಡಿ. ನಿಮ್ಮ ಹಿತ್ತಲನ್ನು ಟೇಪಿನಿಂದ ಅಳೆಯಿರಿ, ಎರಡರಿಂದ ಭಾಗಿಸಿ. ಅಷ್ಟು ಕೋಳಿಗೆ ಮಾತ್ರ ನಿಮ್ಮಲ್ಲಿ ಜಾಗ. ಅದರಲ್ಲಿ ಈಗಿರುವವನ್ನು ಕಳೆಯಿರಿ. ಉಳಿದದ್ದು ಹದಿನೈದೇ ಆದರೆ ಇಪ್ಪತ್ತು ತತ್ತಿ ಇಡಿ. ಮಳೆಗಾಲಕ್ಕೆ ಮೊದಲು ಗೂಡು ಕಟ್ಟಿ, ಒಂದು ಮಳೆ ಬೀಳಲಿ, ಎಲ್ಲಿ ಸೋರುತ್ತದೆ ನೋಡಿ ಸರಿಮಾಡಿ, ದಸರೆಯ ಹೊತ್ತಿಗೆ ಕಾವಿಗೆ ಇಡಿ. ಯಂತ್ರ ಎಲ್ಲೂ ಓಡಿಹೋಗುವುದಿಲ್ಲ.

ಮುಂದಿನ ತಿಂಗಳು ಬಯಸಿದವರೆಲ್ಲ ಸೇರಿ ಇಲ್ಲಿನ ಕೋಳಿಮರಿ ಕೇಂದ್ರಕ್ಕೆ ಹೋಗಿ ವಿಚಾರಿಸಿಕೊಂಡು ಬರೋಣ ಅಂತ ಕಾರ್ಯದರ್ಶಿಗಳಿಗೆ ಹೇಳಿದ್ದೇನೆ. ಬರುವವರು ಅವರ ಹತ್ತಿರ ಹೆಸರು ಕೊಡಿ. ನನ್ನ ಗೂಡು ನೋಡಬೇಕಾದವರು ಯಾವ ಭಾನುವಾರವಾದರೂ ಬನ್ನಿ. ಬೆಳಿಗ್ಗೆ ಬಂದರೆ ಗುಡಿಸುವ ಕೆಲಸವನ್ನೂ ಕಲಿಸುತ್ತೇನೆ.